ಹೀರೇಕಾಯಿಗೆ ತೋಳು ತೊಡಿಸಿದವರು

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಜು ಮನೆಯಿಂದ ಅಳುವ ದನಿ ಕೇಳಿತು. ನಾನು ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ಅಕ್ಕಿ ತೊಳೆದ ನೀರು ಹಾಕುತ್ತಿದ್ದೆ. ಯಾರು ಹೋದರೆಂದು ಆ ಕ್ಷಣವೇ ತಿಳಿಯಿತು. ಆದರೂ ತಿರುಗಿ ನೋಡಲಿಲ್ಲ. ಅವರ ಹಿತ್ತಲಿಗೆ ಬೆನ್ನು ಮಾಡಿ ನಿಲ್ಲುವುದು ನನಗೆ ಅಷ್ಟು ರೂಢಿಯಾಗಿಬಿಟ್ಟಿತ್ತು. ಬೋಗುಣಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮುಂಬಾಗಿಲಿಂದ ಸುತ್ತು ಹಾಕಿಕೊಂಡೇ ಅವರ ಮನೆಗೆ ಹೋದೆ.

ತೀರಿಹೋದವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಮಂದಿಯ ಬಾಯಲ್ಲಿ ಓಡಾಡುವುದು ಅವರಿಗೆ ಸೇರುತ್ತಿರಲಿಲ್ಲ. ಹೂವಿನವಳಿಗೆ ಒಂದು ಹೆಸರು ಹೇಳಿದ್ದರು, ಹಾಲಿನವನಿಗೆ ಇನ್ನೊಂದು. ಕೇಳಿದರೆ, ಖರೇ ಹೆಸರು ಗೊತ್ತಿದ್ದವರೇ ಮಾಟ ಮಾಡಿಸುವುದು ಎನ್ನುತ್ತಿದ್ದರು. ಹಾಲಿನವನು ಮಾಟ ಯಾಕೆ ಮಾಡಿಸುತ್ತಾನೆ ಎಂದರೆ, ನೀರು ಬೆರೆಸುವವನು ಏನು ಬೇಕಾದರೂ ಬೆರೆಸಿಯಾನು ಎನ್ನುವುದು ಅವರ ವಾದ. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಅವರು ನನಗಿಂತ ದೊಡ್ಡವರಾದರೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆದರು, ಕೊನೆಯವರೆಗೂ.

ಅನಗೋಳದ ನಮ್ಮ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಯೆತ್ತರದ ಗೋಡೆ. ನಮ್ಮ ಕಡೆ ಒಂದು ಸಣ್ಣ ಬಾವಿ ಇದೆ. ಬೇಸಿಗೆಯಲ್ಲಿ ತಳ ಕಾಣುತ್ತದೆ, ಆದರೂ ಬೆಳಗಾಗುವ ಹೊತ್ತಿಗೆ ಒಂದಿಷ್ಟು ಊರಿರುತ್ತದೆ. ಶಿವ ಕೊಟ್ಟಷ್ಟು. ಅವರಿಗೆ ಬಾವಿ ಇರಲಿಲ್ಲ. ನಳ ಬಂದಾಗ ತುಂಬಿಟ್ಟುಕೊಂಡದ್ದೇ ಗತಿ, ಬೇಸಿಗೆಯಲ್ಲಿ ನಳ ಯಾವಾಗ ಬಂದೀತು ಎಂದು ಬಿಡುವವರಿಗೇ ಗೊತ್ತಿರುವುದಿಲ್ಲ. ಮನೆಯಲ್ಲಿ ಅವರು, ಹಿಂದವಾಡಿಯ ಸಾಲೆಯೊಂದರಲ್ಲಿ ಕಲಿಸುವ ಮಗಳು, ಅಳಿಯ. ಅಳಿಯ ಮಾತು ಕಡಿಮೆಯ ಮನುಷ್ಯ. ಅದಕ್ಕೇ ಅವನ ಮೇಲೆ ಅವರಿಗೆ ಹೆಚ್ಚು ಅನುಮಾನ.

"ನಂಬಿಕಿ ಅನ್ನೂದು ಅಕ್ಕಿ ಇದ್ದಂಗ, ಆರಿಸದs ಬೇಯಿಸಬಾರದು" ಎನ್ನುತ್ತಿದ್ದರು. ಅವರು ಆರಿಸುತ್ತಲೇ ಇದ್ದರು, ಬೇಯಿಸಿದ್ದನ್ನು ನಾನು ನೋಡಲಿಲ್ಲ.

ಆದರೆ ಬೇಸಿಗೆಯಲ್ಲಿ ಗಿಡ ಉಳಿಸುವ ವಿಷಯದಲ್ಲಿ ಆ ಅನುಮಾನವೇ ಅವರ ಕೈಗುಣ. ಬಿಸಿಲನ್ನು ನಂಬುತ್ತಿರಲಿಲ್ಲ, ಹಾಗಾಗಿ ಶಿವರಾತ್ರಿ ಮುಗಿಯುತ್ತಿದ್ದಂತೆ ಹಳೆಯ ಸೀರೆಗಳನ್ನು ಕಂಬಕ್ಕೆ ಕಟ್ಟಿ ನೆರಳು ಮಾಡುತ್ತಿದ್ದರು. ಮಗಳನ್ನು ನಂಬುತ್ತಿರಲಿಲ್ಲ, ಹಾಗಾಗಿ ನೀರು ತಾವೇ ಹಾಕುತ್ತಿದ್ದರು, ಅದೂ ಸೂರ್ಯ ಹುಟ್ಟುವ ಮೊದಲು, ಎಲೆಗೆ ತಾಗದಂತೆ, ಬುಡಕ್ಕೆ ಮಾತ್ರ. ಮಧ್ಯಾಹ್ನ ನೀರು ಹಾಕುವವರನ್ನು ಕಂಡರೆ, ಗಿಡ ಕುದಿಸಿ ಪಲ್ಯ ಮಾಡುತ್ತೀರೇನು ಎಂದು ಕೇಳುತ್ತಿದ್ದರು. ಮಣ್ಣಿನ ಗಡಿಗೆಯ ತಳಕ್ಕೆ ಸಣ್ಣ ತೂತು ಹೊಡೆದು, ಅದಕ್ಕೆ ಬಟ್ಟೆಯ ಬತ್ತಿ ಪೋಣಿಸಿ, ಬುಡದ ಬಾಜು ಹೂಳುತ್ತಿದ್ದರು. ಒಂದು ತಂಬಿಗೆ ನೀರು ದಿನವೆಲ್ಲ ಹನಿಯುತ್ತಿತ್ತು. ನಾನು ಅದನ್ನು ಅವರಿಂದಲೇ ಕಲಿತೆ. ಕಲಿತೆ ಎಂದರೆ, ಅವರು ಕಲಿಸಲಿಲ್ಲ, ಗೋಡೆಯ ಮೇಲಿಂದ ನೋಡಿ ಕಲಿತೆ. ನೋಡಿದ್ದೇ ಮುಂದೆ ತಾಪತ್ರಯವಾಯಿತು.

ಅವರ ತವರು ಖಾನಾಪುರ. ಮಲಪ್ರಭೆಯ ದಂಡೆಗೆ ಅವರ ತಂದೆಯ ಹೊಲ, ಕುರಿಯೂ ಇದ್ದವಂತೆ. ಆ ಹೊಲದ ಬದುವಿನ ಮೇಲೆ ಅವರ ತಾಯಿ ಒಂದು ಜಾತಿಯ ಹೀರೇಕಾಯಿ ಬೆಳೆಯುತ್ತಿದ್ದರು. ಗಿಡ್ಡ, ದಪ್ಪ, ಏಣು ಕಡಿಮೆ. ಎಂಥ ಬಿಸಿಲಿಗೂ ಕಹಿಯಾಗುತ್ತಿರಲಿಲ್ಲ. ಹೀರೇಕಾಯಿ ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಕಹಿ ತಿರುಗುತ್ತದೆ, ಅಡುಗೆ ಮಾಡುವವರಿಗೆಲ್ಲ ಗೊತ್ತು. ಇದು ತಿರುಗುತ್ತಿರಲಿಲ್ಲ. ಒಮ್ಮೆ ಮಗಳ ಕೈಲಿ ಒಂದು ಹೋಳು ಕೊಟ್ಟು ಕಳಿಸಿದ್ದರು, ಚಟ್ನಿ ಮಾಡಿ ತಿಂದೆವು. ಸಕ್ಕರೆ ಹಾಕಿದ್ದೀಯೇನು ಎಂದು ನಮ್ಮ ಮನೆಯವರು ಕೇಳಿದರು.

ತಾಯಿ ತೀರಿದ ಮೇಲೆ ಅಣ್ಣನ ಮಕ್ಕಳು ಹೊಲಕ್ಕೆಲ್ಲ ಕಬ್ಬು ಹಾಕಿದರು, ಬದುವನ್ನೂ ಬಿಡಲಿಲ್ಲ. ತಾಯಿ ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿಟ್ಟಿದ್ದ ಬೀಜವನ್ನು ಅಕ್ಕಾರ ತಂದುಕೊಂಡರು. ಒಂದೆರಡು ವರ್ಷ ಬೆಳೆದರು. ಯಾರಿಗೂ ಬೀಜ ಕೊಡಲಿಲ್ಲ. ಕೊಟ್ಟರೆ ಸಂತೆಗೆ ಬರುತ್ತದೆ, ಸಂತೆಗೆ ಬಂದದ್ದು ಕೆಡುತ್ತದೆ ಎಂದರು. ಆಮೇಲೆ ಒಂದು ಮಳೆಗಾಲದಲ್ಲಿ ಗಡಿಗೆಗೆ ನುಸಿ ಬಿತ್ತು. ಮಿಕ್ಕಿದ್ದು ಒಂದು ಹಿಡಿಯೂ ಇಲ್ಲ. ಅದನ್ನೆಲ್ಲ ಬಿತ್ತಿದರು. ಎದ್ದು ನಿಂತದ್ದು ಒಂದೇ ಬಳ್ಳಿ. ಖಾನಾಪುರದಲ್ಲಿ ಇನ್ನೆಲ್ಲೂ ಆ ಬೀಜ ಇರಲಿಲ್ಲ, ಅವರು ಹೋಗಿ ಮನೆಮನೆ ಕೇಳಿ ಬಂದಿದ್ದರು. ಈ ಬಳ್ಳಿಯಲ್ಲಿ ಒಂದಾದರೂ ಕಾಯಿ ಬಲಿತು ಒಣಗಿ ಬೀಜವಾಗಬೇಕು. ಇಲ್ಲದಿದ್ದರೆ ತಾಯಿಯ ಹೀರೇಕಾಯಿ ಅಲ್ಲಿಗೆ ಮುಗಿಯಿತು.

ನಾನು ಹೇಳುತ್ತಿರುವುದು ಆ ಬೇಸಿಗೆಯ ಮಾತು.

ಬಳ್ಳಿ ಚೆನ್ನಾಗಿಯೇ ಎದ್ದಿತು. ಬಚ್ಚಲ ತಗಡಿನ ಮೇಲೆ ಹಂದರ ಹಾಕಿ, ತಗಡು ಕಾಯಬಾರದೆಂದು ಮೇಲೆ ಗೋಣಿ ಹಾಸಿ, ಗೋಣಿಗೆ ನೀರು ಚಿಮುಕಿಸುತ್ತಿದ್ದರು. ಹೀರೆಯ ಹೂವು ಅರಳುವುದು ದೀಪ ಹಚ್ಚುವ ಹೊತ್ತಿಗೆ. ಹಳದಿ ಹೂವು ಬಿಟ್ಟವು, ಎಳೆಯ ಪೀಚೂ ಬಂದವು. ಪೀಚಿಗೆ ಬೆರಳು ಮಾಡಿ ತೋರಿಸಿದರೆ ಕೊಳೆಯುತ್ತದೆ ಎಂಬುದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ನಮ್ಮ ತವರಲ್ಲಿ ಮಕ್ಕಳು ತೋರಿಸಿದರೆ ಬೆರಳು ಕಚ್ಚಿಕೊಳ್ಳಲು ಹೇಳುತ್ತಿದ್ದರು. ಅಕ್ಕಾರ ಅಷ್ಟಕ್ಕೆ ಬಿಡುವವರಲ್ಲ. ಹಳೆಯ ಕರಿ ಕುಪ್ಪಸಗಳ ತೋಳು ಕತ್ತರಿಸಿ ಒಂದೊಂದು ಪೀಚಿಗೂ ತೊಡಿಸಿದರು. ಬಳ್ಳಿಯ ತುಂಬ ಗಿಡ್ಡ ಗಿಡ್ಡ ಕರಿ ತೋಳು ಜೋತಾಡುತ್ತಿದ್ದವು, ಯಾರೋ ಹಂದರದ ಮೇಲೆ ಕೂತು ಕೈ ಇಳಿಬಿಟ್ಟಂತೆ. ಓಣಿಯವರು ನಕ್ಕರು. ನಾನೂ ನಕ್ಕೆ, ಆದರೆ ಅವರ ಮುಂದೆ ಅಲ್ಲ.

ತೋಳು ತೊಡಿಸಿದರೂ ಪೀಚು ಹಳದಿಯಾಗಿ ಉದುರಿದವು. ಆಮೇಲೆ ಎಲೆಗಳ ಅಂಚು ಸುಟ್ಟಂತೆ ಕಂದಾದವು. ಇಷ್ಟು ನೆರಳು, ಇಷ್ಟು ಆರೈಕೆ, ಆದರೂ ಹೀಗೆ. ಅಂದರೆ ಯಾರದೋ ಕಣ್ಣು. ಯಾರದು ಎಂದು ಅವರು ಬಹಳ ಹುಡುಕಲಿಲ್ಲ. ಗೋಡೆಯ ಆಚೆ ನಾನಿದ್ದೆ.

ಒಂದು ಬೆಳಿಗ್ಗೆ ನಾನು ಬಾವಿಯಿಂದ ನೀರು ಸೇದುತ್ತಿದ್ದಾಗ ಗೋಡೆಯ ಮೇಲೆ ಅವರ ಮುಖ ಬಂತು.

"ವೈನಿ, ನಿನ್ನೆ ಸಂಜಿಮುಂದ ಅರಿವಿ ತಗಿಯಾಕ ಬಂದಾಗ ಈ ಕಡೆ ನೋಡಿದ್ರಿಲ್ಲ?"

"ನೋಡಿರಬೇಕ್ರಿ ಅಕ್ಕಾರ. ಕಣ್ಣು ಇದ್ದ ಮ್ಯಾಲೆ ನೋಡೂದs."

"ನೋಡಿ ಏನಂದ್ರಿ?"

"ಏನೂ ಅನ್ನಲಿಲ್ರಿ. ಛಲೋ ಹಬ್ಬೇತಿ ಅಂತ ಮನಸಿನ್ಯಾಗ ಅಂದ್ಕೊಂಡಿದ್ನಿ."

"ಬಾಯಿಲೆ ಅಂದಿದ್ರ ಪಾಡಿತ್ರಿ," ಎಂದರು. "ಮನಸಿನ್ಯಾಗ ಅಂದದ್ದು ಭಾಳ ಒಳಗ ಹೋಗತೈತಿ."

ನಾನು ಜಗಳಕ್ಕೆ ನಿಲ್ಲಲಿಲ್ಲ. ದಿನಾ ಲಿಂಗಪೂಜೆ ಮಾಡುವ ಕೈ ನನ್ನದು, ದೃಷ್ಟಿ ಗಿಷ್ಟಿ ನಮ್ಮ ಧರ್ಮದಲ್ಲಿ ಇಲ್ಲ ಎಂದು ಒಳಗೆ ಹೇಳಿಕೊಂಡೆ. ಹಾಗೆಂದು ಮೊಮ್ಮಗಳು ಊಟ ಬಿಟ್ಟರೆ ಉಪ್ಪು ಮೆಣಸಿನಕಾಯಿ ಇಳಿ ತೆಗೆಯದೆ ಇರುವವಳೂ ನಾನಲ್ಲ, ಸುಳ್ಳು ಯಾಕೆ. ಅವತ್ತಿನಿಂದ ಗೋಡೆಗೆ ಬೆನ್ನು ಮಾಡಿ ಬಟ್ಟೆ ಒಣಹಾಕತೊಡಗಿದೆ.

ಸಂಜೆ ಹೂವು ಅರಳುವ ಹೊತ್ತಿಗೆ ಅವರ ಬಳೆಯ ಸದ್ದು ಕೇಳುತ್ತಿತ್ತು. ಮುಷ್ಟಿಯಲ್ಲಿ ಏನೋ ಹಿಡಿದು ಬಳ್ಳಿಗೆ ಇಳಿ ತೆಗೆಯುತ್ತಿದ್ದಾರೆಂದು ಬೆನ್ನಿಗೇ ಗೊತ್ತಾಗುತ್ತಿತ್ತು. ಯಾರ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು, ಬಾಜು ಮನೆಯವರ ಕಣ್ಣು ಎಂದು ಮೆಲ್ಲಗೆ ಹೇಳುತ್ತಿದ್ದರು. ಬಾಜು ಮನೆ ಎನ್ನುವಾಗ ದನಿ ಸ್ವಲ್ಪ ಏರುತ್ತಿತ್ತು.

ಅದೇ ದಿನಗಳಲ್ಲಿ ಖಾನಾಪುರದಲ್ಲಿ ಅವರ ಅಣ್ಣನ ಮಗಳ ಲಗ್ನ ಬಂತು. ಮನೆಮಂದಿಯೆಲ್ಲ ಹೋಗಲೇಬೇಕು. ಬಳ್ಳಿಗೆ ನೀರು ಹಾಕುವವರು ಯಾರು? ಓಣಿಯ ಒಬ್ಬೊಬ್ಬರನ್ನೂ ಎಣಿಸಿ ತೆಗೆದುಹಾಕಿದರಂತೆ. ಎದುರಿನವರು ಪೀಚು ಕಿತ್ತಾರು, ಮೂಲೆಮನೆಯವರು ಬೀಜಕ್ಕೆ ಕಣ್ಣಿಟ್ಟಿದ್ದಾರೆ. ಕೊನೆಗೆ ನನ್ನ ಬಳಿಯೇ ಬಂದರು. ಕದಿಯುವುದಿಲ್ಲ, ನೋಡುವುದಷ್ಟೇ ನನ್ನ ದೋಷ ಎಂದು ತೀರ್ಮಾನಿಸಿದ್ದರು.

"ತಲಿ ತಗ್ಗಿಸಿ ಬರ್ರಿ, ಬುಡಕ್ಕ ನೀರು ಹಾಕ್ರಿ, ತಲಿ ತಗ್ಗಿಸೇ ಹೋಗ್ರಿ," ಎಂದರು. "ಮ್ಯಾಲೆ ನೋಡಬ್ಯಾಡ್ರಿ. ನಿಮ್ಮ ದೇವರ ಆಣಿ."

ಆಣೆ ಹಾಕಿದ ಮೇಲೆ ಮುಗಿಯಿತು. ಬೆಳಗಾಗುವ ಮೊದಲು ತಂಬಿಗೆ ಹಿಡಿದು, ನೆಲ ನೋಡುತ್ತ ಹೋದೆ. ಹಾಗೆ ನೆಲ ನೋಡಿದ್ದರಿಂದಲೇ ಅದು ಕಂಡಿತು. ಬಳ್ಳಿಯ ಬುಡದ ಮಣ್ಣಿನ ಮೇಲೆ ಬಿಳಿಯ ಹೆಪ್ಪು. ಮೊದಲು ಸುಣ್ಣ ಎಂದುಕೊಂಡೆ. ಬೆರಳಿಗೆ ಹತ್ತಿಸಿ ನಾಲಿಗೆಗೆ ಇಟ್ಟೆ. ಉಪ್ಪು.

ಆಗ ತಿಳಿಯಿತು. ಇಳಿ ತೆಗೆದ ಉಪ್ಪು ಮೆಣಸಿನಕಾಯಿಯನ್ನು ಒಲೆಗೆ ಹಾಕುವುದು ಪದ್ಧತಿ. ಉಪ್ಪು ಚಟಚಟ ಸಿಡಿದು ಸುಡಬೇಕು. ಮೆಣಸಿನಕಾಯಿಯ ಘಾಟು ಬಂದರೆ ಕಣ್ಣು ಬಿದ್ದಿಲ್ಲ, ಬರದಿದ್ದರೆ ಬಿದ್ದಿತ್ತು ಎಂದು ಲೆಕ್ಕ. ಆದರೆ ಅವರ ಮನೆಯಲ್ಲಿ ಒಲೆ ಎಲ್ಲಿದೆ? ಗ್ಯಾಸು ಬಂದು ಯಾವ ಕಾಲವಾಯಿತು, ಸ್ನಾನಕ್ಕೂ ಗೀಸರು. ಒಲೆ ಇಲ್ಲದವರು ಉಪ್ಪನ್ನು ನೀರಿಗೆ ಹಾಕಿ ಕರಗಿಸಿ ಯಾರೂ ತುಳಿಯದ ಕಡೆ ಚೆಲ್ಲುತ್ತಾರೆ. ಅವರ ಹಿತ್ತಲಲ್ಲಿ ಯಾರೂ ತುಳಿಯದ ಜಾಗ ಒಂದೇ, ಆ ಬಳ್ಳಿಯ ಬುಡ. ದಿನಾ ಸಂಜೆ ಒಂದು ಮುಷ್ಟಿ ಕಲ್ಲುಪ್ಪು. ಹನಿ ನೀರಿನ ಬೇಸಿಗೆ, ಉಪ್ಪು ಕೆಳಗಿಳಿದು ಹೋಗಲು ನೀರೇ ಇಲ್ಲ. ಎಲೆ ಸುಟ್ಟಷ್ಟೂ ಕಣ್ಣಿನ ಅನುಮಾನ, ಅನುಮಾನ ಹೆಚ್ಚಾದಷ್ಟೂ ಉಪ್ಪು. ನನ್ನ ತಾಯಿ ಅಂಗಳದ ಕಲ್ಲುಸಂದಿಯಲ್ಲಿ ಹುಲ್ಲು ಏಳಬಾರದೆಂದು ಉಪ್ಪಿನಕಾಯಿಯ ಭರಣಿ ತೊಳೆದ ನೀರು ಸುರಿಯುತ್ತಿದ್ದುದು ನೆನಪಾಯಿತು.

ಮನೆಯವರಿಗೆ ಹೇಳಿದೆ. ಅವರು ಚಹಾ ಕುಡಿಯುತ್ತ, ಸೀದಾ ಹೇಳಿಬಿಡು ಎಂದರು. ಗಂಡಸರಿಗೆ ಎಲ್ಲ ಸೀದಾ. ಇಳಿ ತೆಗೆಯುವುದು ನಿಲ್ಲಿಸಿರಿ ಎಂದು ನಾನು ಹೇಳಿದರೆ ಅವರಿಗೆ ಏನೆನ್ನಿಸುತ್ತದೆ? ಇವಳು ತನ್ನ ಕಣ್ಣು ಬಳ್ಳಿಗೆ ಅಂಟಿಯೇ ಇರಲಿ ಎಂದು ಹೇಳುತ್ತಾಳೆ ಎಂದೇ ಅಲ್ಲವೇ? ಉಪ್ಪು ಇಮ್ಮಡಿ ಮಾಡಿಯಾರು. ಮಗಳಿಗೆ ಹೇಳಿದರೆ, ಬಾಜು ಮನೆಯವಳು ಮಗಳನ್ನೂ ಕಟ್ಟಿಕೊಂಡಳು ಎಂದಾರು. ಖರೇ ಮಾತು ನನ್ನ ಬಾಯಿಂದ ಬಂದರೆ ಸುಳ್ಳಾಗುತ್ತಿತ್ತು. ಮರುದಿನ ಪೂಜೆಗೆ ಕೂತಾಗಲೂ ಲಿಂಗದ ಮೇಲೆ ಮನಸ್ಸು ನಿಲ್ಲಲಿಲ್ಲ, ಆ ಸುಟ್ಟ ಎಲೆಗಳೇ ಕಣ್ಣ ಮುಂದೆ. ಎದ್ದೆ, ವಿಭೂತಿ ಹಚ್ಚಿಕೊಂಡೆ, ಏನು ಮಾಡಬೇಕೆಂದು ಗೊತ್ತಾಗಿತ್ತು. ಅದೂ ಅವನದೇ ಕೃಪೆ ಎಂದುಕೊಂಡೆ, ಮಾಡಬೇಕಾದದ್ದು ಸುಳ್ಳೇ ಆದರೂ.

ಅವರು ಖಾನಾಪುರದಿಂದ ಬಂದ ದಿನ ನಾನೇ ಅವರ ಹಿತ್ತಲ ಬಾಗಿಲಿಗೆ ಹೋದೆ. ಅವರು ಬಳ್ಳಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮುಖ ಬಾಡಿತ್ತು.

"ಅಕ್ಕಾರ, ನೀವು ಅಂದದ್ದು ಖರೇ ಐತ್ರಿ," ಎಂದೆ. "ನನ್ನ ಕಣ್ಣs ಬಿದ್ದೈತಿ."

ಅವರು ತಿರುಗಿ ನನ್ನನ್ನು ಬಹಳ ಹೊತ್ತು ನೋಡಿದರು. ಇಷ್ಟು ದಿನ ಬೇಕಿದ್ದದ್ದು ಸಿಕ್ಕಿತ್ತು, ಅದಕ್ಕೇ ಅನುಮಾನ ಬಂದಿತ್ತು.

"ಈಗ್ಯಾಕ ಹೇಳಾಕತ್ತೀರಿ?"

"ನಮ್ಮ ಕುಂಡದಾಗಿನ ಮಲ್ಲಿಗಿ ಚಂದ ಐತಿ ಅಂತ ನೋಡ್ಕೋಂತ ನಿಂತಿದ್ನಿ. ಅದೂ ಬಾಡಿತು."

ಮಲ್ಲಿಗೆ ಬಾಡಿದ್ದು ನಿಜ. ನಾನು ನೀರು ಹಾಕಿರಲಿಲ್ಲ. ಶಿವ ಕ್ಷಮಿಸಲಿ.

"ಇಳಿ ತಗದದ್ದು ಮಣ್ಣಿಗೆ ಹಾಕಿದ್ರ ಕಣ್ಣು ಮಣ್ಣಾಗs ಕುಂದರತೈತಂತ್ರಿ," ಎಂದು ಮುಂದುವರಿಸಿದೆ. "ಕಣ್ಣು ಯಾರ್ದೋ ಅವರ ಒಲಿಯಾಗs ಸುಡಬೇಕಂತ. ನಮ್ಮ ಬಚ್ಚಲದಾಗ ಹಂಡೆ ಒಲಿ ಐತಿ. ದಿನಾ ತಂದು ಅಲ್ಲೇ ಹಾಕ್ರಿ."

"ಹಂಗಂತ ಯಾರು ಹೇಳಿದ್ರು?"

"ನಮ್ಮತ್ತಿ ಹೇಳ್ತಿದ್ರು."

ಪಾಪ, ನಮ್ಮತ್ತೆ ಹಾಗೆ ಎಂದೂ ಹೇಳಿದವರಲ್ಲ. ಆದರೆ ಅಕ್ಕಾರಿಗೆ ಅದು ಹಿಡಿಸಿತು. ಅತ್ತೆ ಎಂದ ಮೇಲೆ ನಿಮ್ಮನ್ನು ಚೆನ್ನಾಗಿ ಬಲ್ಲವರೇ ಇರಬೇಕು ಎಂದರು. ನಾನು ಅದನ್ನು ನುಂಗಿಕೊಂಡೆ. ಇನ್ನೂ ಒಂದು ಮಾತು ಉಳಿದಿತ್ತು.

"ಮತ್ತ ಕಣ್ಣು ಹಾಕಿದವರು ದಿನಾ ಒಂದು ಕೊಡ ನೀರು ಆ ಬುಡಕ್ಕ ಎರಿಬೇಕಂತ್ರಿ."

"ನಳದ ನೀರೋ, ಬಾವಿ ನೀರೋ?"

"ಬಾವೀದು."

ಅವರು ಬಳ್ಳಿಯನ್ನು ನೋಡಿದರು, ನನ್ನನ್ನು ನೋಡಿದರು.

"ಒಂದು ಕೊಡಕ್ಕ ಹೋಗೂ ಕಣ್ಣಲ್ರಿ ನಿಮ್ದು," ಎಂದರು. "ಎರಡು ಹಾಕ್ರಿ."

ಕಣ್ಣು ಕೂತ ಮಣ್ಣು ಎಂದು ಹೇಳಿ ಬುಡದ ಬಿಳಿ ಹೆಪ್ಪನ್ನೆಲ್ಲ ಕೆರೆದು ತೆಗೆದೆ. ದಿನಾ ಬೆಳಿಗ್ಗೆ ಎರಡು ಕೊಡ ನೀರು ಹೊತ್ತು ಗೋಡೆ ದಾಟಿಸಿದೆ. ನಮ್ಮ ಬಾವಿಯಲ್ಲಿ ಆಗ ಕೊಡ ತಳಕ್ಕೆ ಬಡಿಯುತ್ತಿತ್ತು. ನಮ್ಮ ಮೆಂತ್ಯೆ, ಕೊತ್ತಂಬರಿ ಒಣಗಿದವು, ಮಲ್ಲಿಗೆಯೂ ಹೋಯಿತು. ಕರಿಬೇವು ಉಳಿಯಿತು, ಅದು ದೊಡ್ಡದು. ಕುಡಿಯಲು, ಪೂಜೆಗೆ ಎಂದೂ ಕಡಿಮೆ ಬೀಳಲಿಲ್ಲ. ಅಷ್ಟು ಸಾಕು.

ಸಂಜೆ ಅವರು ಮುಷ್ಟಿ ಬಿಗಿಹಿಡಿದು ನಮ್ಮ ಬಚ್ಚಲಿಗೆ ಬರುತ್ತಿದ್ದರು. ಮೊದಲ ದಿನ ಒಲೆಗೆ ಹಾಕಿದ್ದೇ ತಡ, ಇಬ್ಬರಿಗೂ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಅಷ್ಟು ಘಾಟು. ಅಂದರೆ ಕಣ್ಣು ಬಿದ್ದಿರಲೇ ಇಲ್ಲ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಒಲಿಗೂ ನಿಮ್ಮ ಮ್ಯಾಲೆ ಭಾಳ ಮಾಯಾ ಐತಿ ಬಿಡ್ರಿ, ನಿಮ್ಮನ್ನ ಬಿಟ್ಟುಕೊಡೂದಿಲ್ಲ" ಎಂದರು.

ಓಣಿಗೆ ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಅಕ್ಕಾರೇ ಹೇಳಿದರು, ನನ್ನನ್ನು ಹೊಗಳಿಕೊಂಡೇ ಹೇಳಿದರು. ತಾವಾಗಿ ಬಂದು ಒಪ್ಪಿಕೊಂಡರು, ಅದಕ್ಕೂ ದೊಡ್ಡ ಮನಸ್ಸು ಬೇಕು ಎಂದು. ಎದುರುಮನೆಯಲ್ಲಿ ಕೂಸಿಗೆ ತೊಟ್ಟಿಲು ಹಾಕುವ ದಿನ ನಾನು ಎಂದಿನಂತೆ ಹೋದೆ. ಆ ಮನೆಯ ಎರಡು ಕೂಸುಗಳನ್ನು ಹಿಂದೆ ನನ್ನ ಕೈಯಿಂದಲೇ ತೊಟ್ಟಿಲಿಗೆ ಹಾಕಿಸಿದ್ದರು. ಈ ಸಲ ನಾನು ಒಳಗೆ ಬರುತ್ತಿದ್ದಂತೆ ಬಾಣಂತಿ ಸೆರಗು ಎಳೆದು ಕೂಸಿನ ಮುಖ ಮುಚ್ಚಿದಳು. ಅಜ್ಜಿ ನನ್ನೆದುರೇ ಅದರ ಗಲ್ಲಕ್ಕೆ ಇನ್ನೊಂದು ಕಾಡಿಗೆ ಬೊಟ್ಟು ಇಟ್ಟಳು. ಕುಂದರ್ರಿ ವೈನಿ ಎಂದರು, ಚಹಾ ಕೊಟ್ಟರು, ಎಲ್ಲ ಸರಿ. ಕೂಸನ್ನು ಮಾತ್ರ ಕೊಡಲಿಲ್ಲ. ಉಡಿಗೆ ಹಾಕಿದ ಕೊಬ್ಬರಿ ಹಿಡಿದುಕೊಂಡು ಮನೆಗೆ ಬಂದು ದೇವರ ಮುಂದೆ ಕೂತೆ. ಇನ್ನಾದರೂ ಖರೇ ಹೇಳಿಬಿಡು ಎಂದರು ಮನೆಯವರು. ಕಾಯಿ ಒಣಗಲಿ ಎಂದೆ.

ಬಳ್ಳಿ ನಿಧಾನಕ್ಕೆ ತಿರುಗಿತು. ಹಳೆಯ ಎಲೆ ಉದುರಿ ಹೊಸ ಚಿಗುರು ಬಂತು, ಅದರ ಅಂಚು ಸುಡಲಿಲ್ಲ. ನಾನು ನೋಡಲಿಲ್ಲ, ಮಗಳು ಬಂದು ಹೇಳಿದಳು. ಮುಂಗಾರಿಗೂ ಮುಂಚಿನ ಮೊದಲ ಅಡ್ಡಮಳೆ ಬೀಳುವ ಹೊತ್ತಿಗೆ ಒಂದು ಕಾಯಿ ನಿಂತಿತು. ಬಲಿಯಿತು, ಒಣಗಿತು. ಒಂದು ಮಧ್ಯಾಹ್ನ ಅಕ್ಕಾರ ಗೋಡೆಯ ಮೇಲಿಂದ ಕರೆದರು. ಕಣ್ಣು ಮುಚ್ಚಿ ಕಿವಿ ಕೊಡಿರಿ ಎಂದರು. ಕೊಟ್ಟೆ. ಕಿವಿಯ ಹತ್ತಿರ ಏನೋ ಗಲಗಲ ಎಂದಿತು, ಗೆಜ್ಜೆ ಅಲ್ಲಾಡಿಸಿದಂತೆ. ಒಣ ಹೀರೇಕಾಯಿಯೊಳಗಿನ ಬೀಜ. ಇನ್ನೊಮ್ಮೆ ಅಲ್ಲಾಡಿಸಿದರು. ಕಣ್ಣು ತೆರೆದಾಗ ಗೋಡೆಯ ಮೇಲೆ ಯಾರೂ ಇರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ಸಂಜೆ ಬರುವುದು ಬಿಡಲಿಲ್ಲ. ಮಳೆಗಾಲದಲ್ಲಿ ಹಿತ್ತಲಲ್ಲಿ ಬಳ್ಳಿಯೇ ಇಲ್ಲ, ಆದರೂ ಛತ್ರಿ ಹಿಡಿದು, ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಬಚ್ಚಿಟ್ಟುಕೊಂಡು ಬರುತ್ತಿದ್ದರು. ಬಳ್ಳಿ ಇಲ್ಲವಲ್ಲರಿ ಎಂದರೆ, ಬೀಜ ಇದೆಯಲ್ಲ, ಬೀಜಕ್ಕೆ ಕಣ್ಣು ಹತ್ತುವುದಿಲ್ಲವೇ ಎನ್ನುತ್ತಿದ್ದರು. ಒಲೆಯ ಮುಂದೆ ಮಣೆ ಎಳೆದುಕೊಂಡು ಕೂತು ಅಂಗೈ ಕಾಯಿಸಿಕೊಳ್ಳುತ್ತ, ಖಾನಾಪುರದ ಹೊಳೆ ಮಳೆಗಾಲದಲ್ಲಿ ಯಾವ ಕಲ್ಲಿನವರೆಗೆ ಏರುತ್ತಿತ್ತು, ತಾಯಿ ಯಾವ ಬದುವಿನಲ್ಲಿ ಏನು ಹಾಕುತ್ತಿದ್ದರು ಎಂದು ಹೇಳುತ್ತಿದ್ದರು. ನಡುನಡುವೆ ನಮ್ಮ ಬಚ್ಚಲ ನೋಡಿ, ಇಷ್ಟು ಕಟ್ಟಿಗೆ ನಿಮಗೆ ಎಲ್ಲಿಂದ ಬರುತ್ತದೆ ಎಂದು ಕೇಳುತ್ತಿದ್ದರು. ಒಮ್ಮೊಮ್ಮೆ ಮುಷ್ಟಿಯಲ್ಲಿದ್ದದ್ದನ್ನು ಒಲೆಗೆ ಹಾಕುವುದನ್ನೇ ಮರೆತು ಎದ್ದು ಹೋಗುತ್ತಿದ್ದರು. ಹೀಗೆ ಕೆಲವು ವರ್ಷ. ಪ್ರತಿ ಬೇಸಿಗೆಗೂ ಬಳ್ಳಿ, ಪ್ರತಿ ಬೇಸಿಗೆಗೂ ನನ್ನ ಎರಡು ಕೊಡ ನೀರು. ಬೀಜ ಮಾತ್ರ ಯಾರಿಗೂ ಕೊಡಲಿಲ್ಲ.

ಅವರು ಹೋದ ಮೇಲೆ ಮಗಳು ಓಣಿಯ ಎಲ್ಲ ಮನೆಗೂ ಒಂದೊಂದು ಚಿಟಿಕೆ ಬೀಜ ಹಂಚಿದಳು. ಅವ್ವ ಹೇಳಿ ಹೋಗಿದ್ದಾಳೆ ಎಂದಳು. ನಮ್ಮ ಬಾಗಿಲಿಗೆ ಬರಲಿಲ್ಲ. ನಾನು ಕಾದೆ. ಎದುರುಮನೆಯ ಮಾಳಿಗೆಯ ಮೇಲೆ ಬಳ್ಳಿ ಹತ್ತಿತು, ಮೂಲೆಮನೆಯಲ್ಲಿ ಹೂವೂ ಬಂತು. ಶಿವನೇ, ಎರಡು ಕೊಡ ನೀರಿಗೆ ಒಂದು ಬೀಜವಾದರೂ ಬರಬಾರದೇ ಎಂದು ಒಂದು ದಿನ ಬಾಯಿಬಿಟ್ಟೇ ಅಂದೆ. ಯುಗಾದಿ ಕಳೆದ ಮೇಲೆ ಮಗಳು ಕಾಗದದ ಪೊಟ್ಟಣ ಹಿಡಿದು ಬಂದಳು. ಮುಖ ತಗ್ಗಿಸಿಕೊಂಡಿದ್ದಳು.

"ತಪ್ಪು ತಿಳೀಬ್ಯಾಡ್ರಿ ಕಾಕು," ಎಂದಳು. "ಎಲ್ಲಾರ ಬಳ್ಳಿ ಹಬ್ಬಿದ ಮ್ಯಾಲೆ ನಿಮಗ ಕೊಡು ಅಂದಿದ್ಳು ಅವ್ವ."

ನನಗೆ ನಗು ಬಂತು. ಅವಳಿಗೂ ಬಂತು. ಅವಳು ಹೋದ ಮೇಲೆ ಬೀಜ ಮೂಸಿ ನೋಡಿದೆ. ಬೀಜ ಬೇರೆಯವರಲ್ಲಿ ಹುಟ್ಟಬಾರದೆಂದು ಹುರಿದು ಕೊಡುವವರನ್ನು ನಾನು ಕಂಡಿದ್ದೇನೆ. ಇಷ್ಟು ವರ್ಷ ಬಾಜುವಿನಲ್ಲಿದ್ದು ಅಷ್ಟಾದರೂ ನನಗೆ ಅಂಟದೇ ಇರುತ್ತದೆಯೇ? ಹುರಿದ ವಾಸನೆ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ, ಮೊಳಕೆ ಬಂದವು. ಬಾವಿಯ ಬಾಜು ಮಣ್ಣಿಗೆ ಹಚ್ಚಿದೆ.

ಮೊನ್ನೆ ದೀಪ ಹಚ್ಚುವ ಹೊತ್ತಿಗೆ ಮಗಳು ಹಿತ್ತಲ ಬಾಗಿಲಿಗೆ ಬಂದು ನಿಂತಳು. ಸಾಲೆಯ ಸೂಟಿ, ದಿನವೆಲ್ಲ ಮನೆಯಲ್ಲೇ ಇರುತ್ತಾಳೆ. ಬಲಗೈ ಮುಷ್ಟಿ ಬಿಗಿಹಿಡಿದಿದ್ದಳು. ತಮ್ಮ ಹಿತ್ತಲ ಬಳ್ಳಿ ಮಧ್ಯಾಹ್ನ ಜೋಲುತ್ತಿದೆ, ಒಲೆ ಹಚ್ಚಿದ್ದೀರಾ ಎಂದಳು.

ಇನ್ನು ಯಾಕೆ ಮುಚ್ಚಿಡಬೇಕು ಎನ್ನಿಸಿತು. ಕಲಿತ ಹುಡುಗಿ, ಮಕ್ಕಳಿಗೆ ಕಲಿಸುವವಳು. ಬಿಸಿಲಿಗೆ ಹೀರೆ ಮಧ್ಯಾಹ್ನ ಜೋಲುವುದೇ, ಸಂಜೆಗೆ ಏಳುತ್ತದೆ ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಆ ಬೇಸಿಗೆ ನಿಮ್ಮವ್ವ ಬುಡಕ್ಕೆ ಸುರಿದದ್ದು ಉಪ್ಪು, ಬಳ್ಳಿ ಸುಟ್ಟದ್ದು ಅದರಿಂದ, ನನ್ನ ಕಣ್ಣು ಯಾರಿಗೂ ಏನೂ ಮಾಡಿಲ್ಲ, ಉಪ್ಪು ನಿಲ್ಲಿಸಲಿ ಎಂದೇ ನಾನು ಸುಳ್ಳು ಒಪ್ಪಿಕೊಂಡದ್ದು ಎಂದು.

ಅವಳು ಆಶ್ಚರ್ಯಪಡಲಿಲ್ಲ.

"ಅವ್ವ ಮೊದಲs ಹೇಳಿದ್ಳರೀ ಕಾಕು," ಎಂದಳು. "ನಾ ಹ್ವಾದ ಮ್ಯಾಲೆ ಕಾಕು ಉಪ್ಪಿನ ಮಾತು ತಗೀತಾರ. ಖರೇ ಐತಿ ಅನ್ನು. ಖರೇ ಐತಿ ಅಂದು, ಉಪ್ಪು ಮೆಣಸಿನಕಾಯಿ ತಗೊಂಡು ಹೋಗೂದು ಮಾತ್ರ ಬಿಡಬ್ಯಾಡ ಅಂತ."

ಆ ಹೆಂಗಸಿನ ಮುಂದೆ ನಾನು ಉಪ್ಪು ಎಂಬ ಮಾತನ್ನು ಒಂದು ದಿನವೂ ಬಳ್ಳಿಯ ಜೊತೆ ಸೇರಿಸಿ ಆಡಿದವಳಲ್ಲ. ಹಾಗಾದರೆ ಅವರಿಗೆ ಯಾವಾಗ ಗೊತ್ತಾಯಿತು? ಗೊತ್ತಿದ್ದೂ ಓಣಿಯಲ್ಲಿ ನನ್ನ ಹೆಸರು ಹಾಗೇ ಬಿಟ್ಟರೇ? ಮಗಳನ್ನು ಕಳಿಸಿದ್ದು ನನಗಾಗಿಯೋ, ಬಾವಿಯ ಎರಡು ಕೊಡ ನೀರಿಗಾಗಿಯೋ? ಎರಡೂ ಇದ್ದೀತು. ಅವರ ವಿಷಯದಲ್ಲಿ ಯಾವುದನ್ನೂ ಗಟ್ಟಿಯಾಗಿ ಹೇಳಲು ಬರುವುದಿಲ್ಲ.

ಮಗಳು ಮುಷ್ಟಿ ತೆರೆಯದೆ ನಿಂತೇ ಇದ್ದಳು. ನಾನು ಬಚ್ಚಲಿನ ಮಣೆಯನ್ನು ಅವಳ ಕಡೆ ತಳ್ಳಿದೆ.

"ಕುಂದರವ್ವ," ಎಂದೆ. "ಕಟ್ಟಿಗಿ ಹಸಿ ಅದಾವು. ಹತ್ತಾಕ ಹೊತ್ತಾಗತೈತಿ."